ಬೀದಿಯಿಂದ ಸ್ವಂತ ಬೀಗದ ಕೈಯವರೆಗೆ

ಬಯಲಲ್ಲಿ ಮಲಗುವವರೊಬ್ಬರ ಜೊತೆ ನಿಮಗೆ ಮಾತು ಬೆಳೆದಿದೆ, ಏನಾದರೂ ಮಾಡಬೇಕೆನಿಸಿದೆ ಎಂದುಕೊಳ್ಳಿ. ಎಲ್ಲರಿಗೂ ಮೊದಲು ಹೊಳೆಯುವುದು ‘ಒಂದು ಕೆಲಸ ಕೊಡಿಸೋಣ’ ಎಂಬುದೇ. ಅದನ್ನು ಸದ್ಯಕ್ಕೆ ಬದಿಗಿಡಿ. ತಿಂಗಳುಗಟ್ಟಲೆ ನೆಟ್ಟಗೆ ನಿದ್ದೆ ಕಾಣದವರು ಕೆಲಸಕ್ಕೆ ಸೇರಿದರೂ ಅಲ್ಲಿ ನಿಲ್ಲುವುದು ಕಷ್ಟ.

ಮೊದಲ ಹೆಜ್ಜೆ, ಕೇಳುವುದು. ಮಲಗಿದವರನ್ನು ಮುಟ್ಟಿ ಎಬ್ಬಿಸಬೇಡಿ; ಹಾಗೆ ಎಬ್ಬಿಸುವವರು ಓಡಿಸಲು ಬಂದವರೆಂಬುದು ಅವರ ಅನುಭವ. ಸೂರಿಲ್ಲದವರು ರಾತ್ರಿ ಕಳೆಯಲೆಂದು ಇರುವ ತಂಗುದಾಣಕ್ಕೆ ಬರಲು ಒಲ್ಲೆ ಎಂದರೆ ಅದು ಹಟವಲ್ಲ. ಸಾಮಾನು ಕಳುವಾಗುವ ಭಯವಿರಬಹುದು, ಗಂಡ ಹೆಂಡತಿ ಬೇರೆ ಬೇರೆ ಕಡೆ ಮಲಗಬೇಕಾಗಬಹುದು, ಜೊತೆಗಿರುವ ನಾಯಿಗೆ ಒಳಗೆ ಜಾಗವಿರಲಿಕ್ಕಿಲ್ಲ.

ಆದ್ದರಿಂದ ಕರೆದೊಯ್ಯುವ ಮುನ್ನ ತಂಗುದಾಣಕ್ಕೆ ಫೋನ್ ಮಾಡಿ ವಿಚಾರಿಸಿ. ಎಷ್ಟು ಗಂಟೆಯೊಳಗೆ ಬರಬೇಕು? ಬೆಳಿಗ್ಗೆ ಹೊರಗೆ ಕಳುಹಿಸುತ್ತಾರೆಯೇ? ಸಾಮಾನು ಇಡಲು ಬೀಗದ ಕಪಾಟು ಇದೆಯೇ? ಎಷ್ಟು ರಾತ್ರಿ ಇರಬಹುದು? ರಾತ್ರಿ ಪಾಳಿಯವನಿಗೆ ಹಗಲು ಮುಚ್ಚುವ ತಂಗುದಾಣದಿಂದ ಏನು ಪ್ರಯೋಜನ!

ಮುಂದಿನದು ಕಾಗದಪತ್ರ. ಗುರುತಿನ ಚೀಟಿ ಬೇಕೆಂದರೆ ವಿಳಾಸ ಕೇಳುತ್ತಾರೆ, ವಿಳಾಸ ಪಡೆಯಲು ಹೋದರೆ ಗುರುತಿನ ಚೀಟಿ ಕೇಳುತ್ತಾರೆ. ಈ ಗಾಣದಿಂದ ಹೊರಬರಲು ತಂಗುದಾಣದ ಪತ್ರವನ್ನು ವಿಳಾಸಕ್ಕೆ ಆಧಾರವಾಗಿ ಬಳಸಲು ಆಗುತ್ತದೆಯೇ ನೋಡಿ. ಜನನ ಪ್ರಮಾಣಪತ್ರ, ಶಾಲೆಯ ದಾಖಲೆಗಳಂಥ ಹಳೆಯ ಕಾಗದಗಳನ್ನು ಹುಡುಕಿಸಿ. ಸಿಕ್ಕ ಪ್ರತಿಯೊಂದರ ನಕಲನ್ನು ತಂಗುದಾಣದ ಕಚೇರಿಯಲ್ಲಿಯೂ ಇಡಿಸಿ. ಚೀಲ ಕಳೆದರೆ ಎಲ್ಲವೂ ಮೊದಲಿನಿಂದ ಶುರು. ಬ್ಯಾಂಕ್ ಖಾತೆ, ಪಿಂಚಣಿ, ಚಿಕಿತ್ಸೆ ಎಲ್ಲವೂ ಈ ಕಾಗದಗಳ ಬೆನ್ನಿಗೇ ಬರುತ್ತವೆ. ಹಾಗೆಂದು ಪಾದದ ಗಾಯ, ಬಿಡದ ಕೆಮ್ಮು ಇದ್ದರೆ ಕಾಗದಕ್ಕೆ ಕಾಯಬೇಡಿ.

ಇನ್ನು ಮನೆ. ಹಳೆಯ ಪದ್ಧತಿಯಲ್ಲಿ ಇದು ಏಣಿಯ ತುದಿಯಲ್ಲಿತ್ತು: ಕುಡಿತ ಬಿಡು, ಔಷಧಿ ತೆಗೆದುಕೋ, ನಂತರ ಮನೆ. 1992ರಲ್ಲಿ ನ್ಯೂಯಾರ್ಕ್‌ನಲ್ಲಿ ಮನಶ್ಶಾಸ್ತ್ರಜ್ಞ ಸ್ಯಾಮ್ ಸೆಂಬೆರಿಸ್ ಆರಂಭಿಸಿದ ಸಂಸ್ಥೆ ಈ ಏಣಿಯನ್ನೇ ತಲೆಕೆಳಗು ಮಾಡಿತು: ಮೊದಲು ಬೀಗದ ಕೈ, ಉಳಿದದ್ದು ಆಮೇಲೆ. ಅಲ್ಲಿ ಷರತ್ತುಗಳು ಎರಡೇ ಇದ್ದವು. ಆದಾಯದ ಶೇ 30ರಷ್ಟನ್ನು ಬಾಡಿಗೆಗೆ ಕೊಡಬೇಕು, ವಾರಕ್ಕೊಮ್ಮೆ ಬರುವ ಕಾರ್ಯಕರ್ತರಿಗೆ ಬಾಗಿಲು ತೆರೆಯಬೇಕು. ಫಿನ್ಲೆಂಡ್ 2008ರಲ್ಲಿ ಇದನ್ನು ಸರ್ಕಾರದ ಕಾರ್ಯಕ್ರಮವಾಗಿಸಿಕೊಂಡು, ಹಲವು ತಂಗುದಾಣಗಳನ್ನೇ ಬಾಡಿಗೆ ಕರಾರಿನ ಪುಟ್ಟ ಮನೆಗಳಾಗಿ ಬದಲಾಯಿಸಿತು. ಮಾನಸಿಕ ಕಾಯಿಲೆಯಿದ್ದ ವಸತಿರಹಿತರನ್ನು ಎರಡು ಗುಂಪು ಮಾಡಿ ಕೆನಡಾದ ಐದು ನಗರಗಳಲ್ಲಿ ನಡೆಸಿದ ಪ್ರಯೋಗದ ಕೊನೆಯ 6 ತಿಂಗಳಲ್ಲಿ, ಮೊದಲೇ ಮನೆ ಪಡೆದವರಲ್ಲಿ ಶೇ 62 ಮಂದಿ ಪೂರ್ತಿ ಅವಧಿ ಸೂರಿನಡಿಯೇ ಇದ್ದರು. ಮಾಮೂಲಿ ಸೇವೆ ಪಡೆದವರಲ್ಲಿ ಶೇ 31 ಮಂದಿ ಮಾತ್ರ. ‘ಮೊದಲು ಯೋಗ್ಯತೆ ತೋರಿಸಲಿ’ ಎನ್ನುವವರಿಗೆ ನಾನು ಹೇಳುವುದು ಈ ಅಂಕಿಗಳನ್ನೇ. ನಿಮ್ಮ ಪಾಲಿನ ಕೆಲಸವೆಂದರೆ, ಮುಂಗಡಕ್ಕೆ ನೆರವು ಕೊಡುವ ಸಂಸ್ಥೆ ಹುಡುಕುವುದು ಮತ್ತು ಬಾಡಿಗೆ ಕರಾರನ್ನು ಮನೆ ಸೇರುವವರ ಹೆಸರಿನಲ್ಲೇ ಮಾಡಿಸುವುದು. ನಿಮ್ಮ ಹೆಸರಿನಲ್ಲಿ ಮಾಡಿಸಿದರೆ ಅವರು ಮತ್ತೆ ಅತಿಥಿಯೇ.

ಕೈಗೆ ಬೀಗದ ಕೈ ಬಂದ ದಿನ ಎಲ್ಲರೂ ಫೋಟೊ ತೆಗೆಸಿಕೊಂಡು ಹೊರಡುತ್ತಾರೆ. ಕಷ್ಟ ಶುರುವಾಗುವುದು ಅಂದೇ ರಾತ್ರಿ. ಮಂಚವಿದ್ದರೂ ನೆಲದಲ್ಲಿ ಮಲಗುವವರಿದ್ದಾರೆ, ಮೌನ ತಡೆಯಲಾರದೆ ಹಳೆಯ ಗೆಳೆಯರ ಬಳಿಗೆ ಹೋಗಿಬಿಡುವವರಿದ್ದಾರೆ. ಇದಕ್ಕೆಂದೇ ನ್ಯೂಯಾರ್ಕ್‌ನಲ್ಲಿ ರೂಪುಗೊಂಡ ಒಂದು ಕ್ರಮದಲ್ಲಿ ಒಬ್ಬರೇ ಕಾರ್ಯಕರ್ತರು 9 ತಿಂಗಳು ಜೊತೆಗಿರುತ್ತಾರೆ: ಮೊದಲ ಮೂರು ತಿಂಗಳು ಒತ್ತಾಸೆಯಾಗಿ, ನಂತರದ ಮೂರು ತಿಂಗಳು ತುಸು ದೂರದಿಂದ, ಕೊನೆಯ ಮೂರು ತಿಂಗಳು ಕೈಬಿಡಿಸಿಕೊಳ್ಳುತ್ತ. ನೀವೂ ಹಾಗೇ ಮಾಡಿ. ಬಾಡಿಗೆಯ ದಿನ ನೆನಪಿಸಿ, ಮನೆಯ ಮಾಲೀಕರ ಜೊತೆ ಮಾತಾಡುವಾಗ ಪಕ್ಕದಲ್ಲಿರಿ, ಬಾಯಿ ಹಾಕಬೇಡಿ. ಕೆಲಸದ ಮಾತು ಎತ್ತಲು ಈಗ ಹೊತ್ತು ಬಂದಿದೆ.

ಒಂದು ದಿನ ನೀವು ಹೋದಾಗ ಬಾಗಿಲಿಗೆ ಬೀಗ ಬಿದ್ದಿರಬಹುದು. ಗಾಬರಿಯಾಗಬೇಡಿ. ಎಲ್ಲರ ಮನೆಗೂ ಹೋಗುವಂತೆ, ಮುಂದಿನ ಸಲ ಫೋನ್ ಮಾಡಿ ಹೋಗಿ.