ಪೌಚಿನ ನಮೂನೆಯನ್ನು ಉದ್ದಕ್ಕೆ ಮಾತ್ರ ಹಿಗ್ಗಿಸಿದ ಬಗೆ

ಬದಿಯಡ್ಕದ ನಮ್ಮ ಹೊಲಿಗೆ ಅಂಗಡಿಗೆ ಬಂದ ಯಕ್ಷಗಾನ ವೇಷಧಾರಿಯೊಬ್ಬರು, ಬಣ್ಣದ ಕಡ್ಡಿಗಳು ತಳದಲ್ಲಿ ನೇರವಾಗಿ ಮಲಗುವಷ್ಟು ಉದ್ದದ, ಆದರೆ ಪೆಟ್ಟಿಗೆಯ ಬದಿಯಲ್ಲಿ ಕೂರುವಷ್ಟೇ ಅಗಲದ ಜಿಪ್ ಪೌಚ್ ಬೇಕೆಂದರು. ನನ್ನಲ್ಲಿದ್ದ ಕಾಗದದ ನಮೂನೆಯಂತೆ ಬಟ್ಟೆ ಕತ್ತರಿಸಿ ಹೊಲಿದರೆ ಬಾಯಿ 8 ಇಂಚು, ತಳ 5 ಇಂಚು ಉದ್ದ ಮತ್ತು 3 ಇಂಚು ಅಗಲ ಬರುತ್ತದೆ. ಅದನ್ನು ಜೆರಾಕ್ಸ್‌ನಲ್ಲಿ ಶೇಕಡಾ 125ಕ್ಕೆ ಹಿಗ್ಗಿಸಿದಾಗ ತಳದ ಉದ್ದ 6¼ ಇಂಚಿಗೇ ನಿಂತು, ಬೇಡವಾಗಿದ್ದ ಅಗಲ 3¾ ಇಂಚಾಯಿತು. ಹೊಲಿಗೆ ಮಾರ್ಜಿನ್ (ಹೊಲಿಗೆಯ ಗೆರೆಯಾಚೆ ಅಂಚಿನಲ್ಲಿ ಬಿಡುವ ಹೆಚ್ಚುವರಿ ಬಟ್ಟೆ) ಕೂಡ ಹಿಗ್ಗುವುದರಿಂದ, ಎಂದಿನಂತೆ ಅರ್ಧ ಇಂಚಿನಲ್ಲಿ ಹೊಲಿದರೆ ಬಾಯಿ 10 ಇಂಚಿನ ಜಿಪ್ಪಿಗಿಂತ ಕಾಲು ಇಂಚು ದೊಡ್ಡದಾಗಿ, ಬಟ್ಟೆ ನೆರಿಗೆ ಬೀಳುತ್ತದೆ.

ಆದ್ದರಿಂದ ಮೂಲ ನಮೂನೆಯ ಸುತ್ತಲಿನ ಮಾರ್ಜಿನ್ನನ್ನು ಮೊದಲು ಕತ್ತರಿಸಿ ತೆಗೆದು, ಉಳಿದುದನ್ನು ನಟ್ಟನಡುವೆ ಮೇಲಿನಿಂದ ಕೆಳಕ್ಕೆ ಸೀಳಿ, ಎರಡು ಭಾಗಗಳನ್ನು ಖಾಕಿ ಕಾಗದದ ಮೇಲೆ 2 ಇಂಚು ದೂರವಿಟ್ಟು ಅಂಟಿಸಿದೆನು. ಸ್ಕೇಲಿನಿಂದ ಗೆರೆ ಕೂಡಿಸಿದ ಬಳಿಕವೇ ಅರ್ಧ ಇಂಚಿನ ಮಾರ್ಜಿನ್ನನ್ನು ಹೊಸದಾಗಿ ಎಳೆಯಬೇಕು. ತಳದ ಅಗಲವನ್ನು ನಿರ್ಧರಿಸುವುದು ಕೆಳಮೂಲೆಗಳಲ್ಲಿ ಕತ್ತರಿಸಿ ತೆಗೆಯುವ ಒಂದೂವರೆ ಇಂಚಿನ ಚೌಕಗಳು. ಸೀಳು ಅವನ್ನು ಮುಟ್ಟದ ಕಾರಣ ಅಗಲ 3 ಇಂಚಿನಲ್ಲೇ ಉಳಿದು, ತಳದ ಉದ್ದ 7 ಇಂಚಾಯಿತು, ಬಾಯಿಗೆ 10 ಇಂಚಿನ ಜಿಪ್ ಸರಿಯಾಗಿ ಕೂತಿತು. ಹೊರಬದಿಗೆ ಕಾಸರಗೋಡು ಸೀರೆಯ ಉಳಿಕೆ ತುಂಡನ್ನೇ ಬಳಸಿದೆ. ಇಂಥ ತೆಳು ಹತ್ತಿಬಟ್ಟೆಗೆ ಒಳಗಿನಿಂದ ಕ್ಯಾನ್ವಾಸ್ (ಬಿಗಿ ಕೊಡುವ ಗಟ್ಟಿ ಪದರ) ಕೊಡದಿದ್ದರೆ ತಳ ಜೋಲುತ್ತದೆ. ಒಳಬಟ್ಟೆಯನ್ನೂ ಇದೇ ಕಾಗದದಿಂದ ಕತ್ತರಿಸಿದೆ.