ಚರ್ಚ್ ವ್ಯಾನ್ ಹೊರಡುವ ಮುಂಚೆ

ಏಳು ವರ್ಷದಿಂದ ನಮ್ಮ ಚರ್ಚ್ ವ್ಯಾನಿನ ಕೀ ನನ್ನ ಹತ್ತಿರವೇ ಇದೆ. ಯುವಜನರ ಶಿಬಿರ ಇರಲಿ, ಕ್ವಾಯರ್ ಇರಲಿ, ಹೊರಡುವ ಮುಂಚೆ ನಾನು ಮೊದಲು ಮಂಡಿಯೂರುವುದು ಟೈರಿನ ಮುಂದೆ!

ಕಾರಣ ಇದೆ. ವ್ಯಾನ್ ಓಡುವುದು ವಾರಕ್ಕೊಂದು ದಿನ. ಉಳಿದ ಆರು ದಿನ ಬಿಸಿಲಲ್ಲಿ ನಿಂತಿರುತ್ತದೆ. ಟೈರ್ ಜಾಸ್ತಿ ಸವೆಯುವುದಿಲ್ಲ, ಆದರೆ ರಬ್ಬರ್‌ಗೆ ವಯಸ್ಸಾಗುತ್ತದೆ. ನಮ್ಮದೂ ನೋಡೋಕೆ ಹೊಸದರ ಹಾಗೇ ಇತ್ತು. ಒಂದು ಭಾನುವಾರ ಹಿಂದಿನ ಟೈರ್ ಢಬ್ ಅಂತ ಒಡೆಯಿತು. ಪುಣ್ಯಕ್ಕೆ ಒಳಗೆ ನಾನೊಬ್ಬನೇ ಇದ್ದೆ. ಆಮೇಲೆ ನೋಡಿದರೆ ಅದಕ್ಕೆ ಒಂಬತ್ತು ವರ್ಷ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ತಾರೀಖು ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಹೊರಗೆ ಕಾಣದಿದ್ದರೆ ಒಳಬದಿಗೆ ಟಾರ್ಚ್ ಬಿಟ್ಟು ಹುಡುಕಿ. ಆರು ವರ್ಷ ದಾಟಿತಾ, ಗ್ರಿಪ್ ಎಷ್ಟೇ ಚೆನ್ನಾಗಿದ್ದರೂ ನಾನು ಬದಲಾಯಿಸಿಬಿಡುತ್ತೇನೆ. ಸ್ಟೆಪ್ನಿಯನ್ನೂ ನೋಡಿ, ಅದು ಯಾರಿಗೂ ನೆನಪಾಗಲ್ಲ. ಗಾಳಿಯನ್ನು ಬೆಳಿಗ್ಗೆ ಟೈರ್ ತಣ್ಣಗಿರುವಾಗ ಚೆಕ್ ಮಾಡಿ. ಎಷ್ಟಿರಬೇಕು ಅಂತ ಸಾಮಾನ್ಯವಾಗಿ ಡ್ರೈವರ್ ಬಾಗಿಲ ಹತ್ತಿರ ಸ್ಟಿಕ್ಕರ್ ಇರುತ್ತದೆ. ಹಿಂದಕ್ಕೊಂದು, ಮುಂದಕ್ಕೊಂದು ಲೆಕ್ಕ ಇರಬಹುದು.

ಹುಡುಗರು ಓಡುವುದು ಕೊನೆ ಸೀಟಿಗೇ, ಅಲ್ವಾ? ಜನ ಕಡಿಮೆ ಇದ್ದರೆ ಮುಂದಿನ ಸಾಲಿನಿಂದ ತುಂಬಿಸಿ. ಉದ್ದದ ವ್ಯಾನಿನಲ್ಲಿ ಕೊನೆ ಸಾಲು ಹಿಂದಿನ ಚಕ್ರಕ್ಕಿಂತ ಆಚೆ ಇರುತ್ತದೆ. ಭಾರ ಅಲ್ಲಿ ಜಾಸ್ತಿಯಾದರೆ, ತಟ್ಟನೆ ಸ್ಟೇರಿಂಗ್ ತಿರುಗಿಸಿದಾಗ ಗಾಡಿ ಹಿಡಿತಕ್ಕೆ ಸಿಗಲ್ಲ. ಟಾಪ್ ಮೇಲೆ ಲಗೇಜ್ ಬೇಡವೇ ಬೇಡ. ಸ್ಪೀಕರ್, ಡ್ರಮ್ ಯಾರದಾದರೂ ಕಾರಿನಲ್ಲಿ ಬರಲಿ. ಬೆಲ್ಟ್ ಎಲ್ಲರಿಗೂ, ಹಿಂದೆ ಕೂತವರಿಗೂ. "ಮಗು ನನ್ನ ತೊಡೆ ಮೇಲಿರಲಿ ಬಿಡಪ್ಪ" ಅನ್ನುವ ಅಜ್ಜಿಯರ ಹತ್ತಿರ ನಾನು ಸ್ವಲ್ಪ ನಿಷ್ಠುರನೇ.

ನನಗೆ ಟೈರಿಗಿಂತ ಭಯ ನಿದ್ದೆಯದ್ದು. ರಾತ್ರಿಯಿಡೀ ಪ್ರಾರ್ಥನೆ ಮುಗಿಸಿ ಬೆಳಗಿನ ಜಾವ ವಾಪಸ್ ಹೊರಡುತ್ತೇವಲ್ಲ, ಆ ದಿನ ಡ್ರೈವರ್ ಪ್ರಾರ್ಥನೆಗೆ ಕೂರುವ ಹಾಗಿಲ್ಲ, ಹೋಗಿ ಮಲಗಬೇಕು. ಪಾಸ್ಟರ್‌ಗೆ ಮೊದಲು ಇದು ಹಿಡಿಸಿರಲಿಲ್ಲ. ಈಗ ಅವರೇ ಡ್ರೈವರ್‌ನ ಎಬ್ಬಿಸಿ ಕಳಿಸುತ್ತಾರೆ, ಮಲಗೋಕೆ. ದೂರದ ದಾರಿಗೆ ಇಬ್ಬರು ಡ್ರೈವರ್ ಇರಲಿ. ಎರಡು ಗಂಟೆಗೊಮ್ಮೆ ನಿಲ್ಲಿಸಿ.

ನಿಲ್ಲಿಸಿದ ಕಡೆಯಿಂದ ಹೊರಡುವಾಗ ಸುಮ್ನೆ ತಲೆ ಎಣಿಸಬೇಡಿ, ಹೆಸರು ಕೂಗಿ. ಒಮ್ಮೆ ನಮ್ಮ ಎಣಿಕೆ ಸರಿಯಾಗೇ ಇತ್ತು. ನಮ್ಮ ಹುಡುಗ ಬಾತ್‌ರೂಮಿನಲ್ಲಿದ್ದ, ಪಕ್ಕದ ವ್ಯಾನಿನವನು ನಮ್ಮ ಸೀಟಲ್ಲಿ ಗೊರಕೆ ಹೊಡೆಯುತ್ತಿದ್ದ.