ಲಂಡನ್ನಿನ ಏಜೆಂಟರು ಹೊಸ ಬರಹಗಾರರಲ್ಲಿ ಏನು ನೋಡುತ್ತಾರೆ?

ಕರ್ನಾಟಕದಲ್ಲಿ ಕಾದಂಬರಿ ಬರೆದವರು ನೇರವಾಗಿ ಪ್ರಕಾಶಕರನ್ನೇ ಕಾಣುತ್ತಾರೆ. ಹಿರಿಯರೊಬ್ಬರ ಮುನ್ನುಡಿ ಸಿಕ್ಕರೆ ಇನ್ನೂ ಒಳ್ಳೆಯದು. ಬ್ರಿಟನ್ನಿನಲ್ಲಿದ್ದು ಇಂಗ್ಲಿಷಿನಲ್ಲಿ ಬರೆಯುತ್ತಿರುವ ನಮ್ಮವರಿಗೆ ಈ ದಾರಿ ಅಷ್ಟಾಗಿ ನಡೆಯುವುದಿಲ್ಲ. ಇಲ್ಲಿನ ದೊಡ್ಡ ಪ್ರಕಾಶನ ಸಂಸ್ಥೆಗಳು ಸಾಮಾನ್ಯವಾಗಿ ಏಜೆಂಟರ, ಅಂದರೆ ಲೇಖಕರ ಪರವಾಗಿ ಪ್ರಕಾಶಕರ ಜೊತೆ ವ್ಯವಹರಿಸುವವರ, ಮೂಲಕ ಬಂದ ಹಸ್ತಪ್ರತಿಯನ್ನೇ ನೋಡುತ್ತವೆ.

ಏಜೆಂಟ್ ಎಷ್ಟೇ ಸಾಹಿತ್ಯಪ್ರೇಮಿ ಆಗಿರಲಿ, ಮಾರುವುದು ಅವರ ಕೆಲಸ. ಪುಸ್ತಕವನ್ನು ಪ್ರಕಾಶಕರಿಗೆ ಮಾರಿದರೆ ಮಾತ್ರ ಅವರಿಗೆ ಹಣ. ಬ್ರಿಟನ್ನಿನ ಪ್ರಕಟಣಾ ಹಕ್ಕಿಗೆ ಸಾಮಾನ್ಯವಾಗಿ ಶೇ. 15, ಹೊರದೇಶದ ಮತ್ತು ಅನುವಾದದ ಹಕ್ಕಿಗೆ ಶೇ. 20 ಕಮಿಷನ್. ಆ ಕಮಿಷನ್ ಮೇಲೆ ವ್ಯಾಟ್ ಎಂಬ ತೆರಿಗೆ ಕೂಡ ಬೀಳುವುದುಂಟು. ಪ್ರಕಾಶಕರಿಂದ 10,000 ಪೌಂಡ್ ಮುಂಗಡ ಬಂತು ಅಂದುಕೊಳ್ಳಿ: ಕಮಿಷನ್ 1,500, ವ್ಯಾಟ್ 300. ಉಳಿದದ್ದು ಒಂದೇ ಸಲ ಕೈಗೆ ಸಿಗುವುದಿಲ್ಲ. ಸಹಿ ಹಾಕಿದಾಗ ಒಂದಿಷ್ಟು, ಹಸ್ತಪ್ರತಿ ಒಪ್ಪಿಸಿದಾಗ ಒಂದಿಷ್ಟು, ಪುಸ್ತಕ ಹೊರಬಂದಾಗ ಇನ್ನಷ್ಟು. ಸುಮ್ನೆ ಓದಿ ನೋಡುವುದಕ್ಕೇ ಫೀ ಕೇಳುವವರ ಸಹವಾಸ ಬೇಡ.

ಕಳಿಸಬೇಕಾದದ್ದು ಹೆಚ್ಚಾಗಿ ಇಷ್ಟೇ: ಒಂದು ಪುಟದ ಪತ್ರ, ಕಥೆಯ ಸಾರಾಂಶ, ಮೊದಲ ಮೂರು ಅಧ್ಯಾಯ. ಸಾರಾಂಶದಲ್ಲಿ ಕೊನೆಯನ್ನು ಮುಚ್ಚಿಡಬೇಡಿ. ಕೊಲೆ ಮಾಡಿದ್ದು ಯಾರು ಅಂತ ಏಜೆಂಟ್‌ಗೆ ಗೊತ್ತಾಗಲೇಬೇಕು. ಕಾದಂಬರಿಯಾದರೆ ಪೂರ್ತಿ ಮುಗಿಸಿದ ಮೇಲೆಯೇ ಕಳಿಸಿ. ಮೂರು ಅಧ್ಯಾಯ ಹಿಡಿಸಿದರೆ ಉಳಿದದ್ದನ್ನು ತಕ್ಷಣ ಕೇಳುತ್ತಾರೆ.

ಅಧ್ಯಾಯಗಳಲ್ಲಿ ಅವರು ಹುಡುಕುವುದು ದನಿಯನ್ನು, ಅಂದರೆ ಬರೆದವರದ್ದೇ ಆದ ಧಾಟಿಯನ್ನು. ಅನ್ನ ಬೆಂದಿದೆಯಾ ನೋಡಲು ಒಂದು ಅಗುಳು ಸಾಕು. ಅವರಿಗೆ ಒಂದೆರಡು ಪುಟ ಸಾಕು. ನಮ್ಮವರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಮೊದಲ ಪುಟದಲ್ಲೇ ಮಲೆನಾಡಿನ ಮಳೆ, ಅಜ್ಜಿ, ಕಾಫಿ ತೋಟ, ಮದುವೆ ಎಲ್ಲ ಬಂದುಬಿಡುತ್ತವೆ. ಜೊತೆಗೆ ಮುದ್ದೆ ಅಂದರೇನು, ಮಡಿ ಅಂದರೇನು ಅಂತ ವಿವರಣೆ ಬೇರೆ. ಹೊರಗಿನವರಿಗೆ ಊರು ತೋರಿಸಲು ಹೊರಟ ಗೈಡ್ ಮಾತಾಡಿದಂತೆ ಕೇಳುತ್ತದೆ. ಕಥೆಯೊಳಗಿನ ಜನ ಮುದ್ದೆಯನ್ನು ಸುಮ್ನೆ ತಿನ್ನಲಿ, ಜಗಳ ಬೇರೆ ಯಾವುದಕ್ಕೋ ನಡೆಯಲಿ. ಓದುಗರು ತಾವೇ ಅರ್ಥ ಮಾಡಿಕೊಳ್ಳುತ್ತಾರೆ.

ಪತ್ರದಲ್ಲಿ ವಿನಯ ಜಾಸ್ತಿ ಬೇಡ, ಬಿರುದುಗಳ ಪಟ್ಟಿಯೂ ಬೇಡ. ಏಜೆಂಟರ ಹೆಸರು ಹಿಡಿದೇ ಬರೆಯಿರಿ. ಅವರನ್ನೇ ಯಾಕೆ ಆರಿಸಿಕೊಂಡಿರಿ, ಕಥೆ ಏನು, ಇತ್ತೀಚಿನ ಯಾವ ಪುಸ್ತಕಗಳ ಓದುಗರಿಗೆ ಇದು ಹಿಡಿಸಬಹುದು ಅಂತ ಹೇಳಿ. ಕೊನೆಯದನ್ನು ಬಡಾಯಿ ಅಂದುಕೊಳ್ಳಬೇಡಿ. ಅಂಗಡಿಯ ಯಾವ ಕಪಾಟಿಗೆ ಇಡಬೇಕು ಅನ್ನುವುದು ಏಜೆಂಟ್‌ಗೆ ನಿಜವಾಗಿಯೂ ಬೇಕಾದ ಮಾಹಿತಿ. ಹೊಸಬರ ಕಾದಂಬರಿ 80,000ದಿಂದ 1,00,000 ಪದಗಳೊಳಗಿದ್ದರೆ ಅನುಕೂಲ. ಎರಡು ಲಕ್ಷ ಪದಗಳದ್ದನ್ನು ನೋಡಿದರೆ ಅಚ್ಚಿನ ಖರ್ಚೇ ಕಣ್ಣಮುಂದೆ ಬರುತ್ತದೆ.

ಸಣ್ಣಕಥೆಗಳ ಸಂಕಲನಕ್ಕೆ ಏಜೆಂಟ್ ಸಿಗುವುದು ಕಷ್ಟ. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದದಲ್ಲಿ, ಅಂತರರಾಷ್ಟ್ರೀಯ ಬೂಕರ್ ಬಂತಲ್ಲ ಅಂತ ನೀವು ಕೇಳಬಹುದು. ಬಂತು, ಹೆಮ್ಮೆಯ ವಿಷಯವೇ. ಆದರೆ ಆ ಪ್ರಶಸ್ತಿ ಒಂದು ಕಥಾಸಂಕಲನಕ್ಕೆ ಸಿಕ್ಕಿದ್ದು ಅದೇ ಮೊದಲು. ಅದನ್ನು ಇಲ್ಲಿ ತಂದದ್ದು ಆ್ಯಂಡ್ ಅದರ್ ಸ್ಟೋರೀಸ್ ಎಂಬ ಸಣ್ಣ ಸ್ವತಂತ್ರ ಪ್ರಕಾಶನ. ಕನ್ನಡದಿಂದ ಅನುವಾದ ಮಾಡುವವರು ಏಜೆಂಟರಿಗಾಗಿ ಕಾಯುವ ಬದಲು ಇಂಥ ಸಣ್ಣ ಪ್ರಕಾಶಕರಿಗೇ ಮಾದರಿ ಪುಟ ಕಳಿಸುವುದು ಜಾಣತನ. ಮೂಲ ಲೇಖಕರ ಒಪ್ಪಿಗೆ ಮೊದಲು ಪಡೆಯಿರಿ.

ಏಜೆಂಟರ ವಿಳಾಸಗಳಿಗೆ ಪ್ರತಿ ವರ್ಷ ಬರುವ ರೈಟರ್ಸ್ ಆ್ಯಂಡ್ ಆರ್ಟಿಸ್ಟ್ಸ್ ಇಯರ್‌ಬುಕ್ ನೋಡಿ, ಲೈಬ್ರರಿಯಲ್ಲಿ ಸಿಗಬಹುದು. ಒಟ್ಟಿಗೆ ಹಲವರಿಗೆ ಕಳಿಸಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಆದರೆ ಒಂದೇ ಮೇಲ್‌ನಲ್ಲಿ ಎಲ್ಲರ ವಿಳಾಸ ಸೇರಿಸಬೇಡಿ. ಉತ್ತರಕ್ಕೆ ಎರಡು ಮೂರು ತಿಂಗಳು ಹಿಡಿಯಬಹುದು. ಬರದೇ ಇರುವುದೂ ಉಂಟು, ಅದನ್ನೇ ಉತ್ತರ ಅಂದುಕೊಳ್ಳಿ. ಫೋನ್ ಮಾಡಬೇಡಿ. ಒಬ್ಬರು ಒಪ್ಪಿದರೆ ತಕ್ಷಣ ಹೂಂ ಅನ್ನಬೇಡಿ. ಉಳಿದವರಿಗೆ ವಿಷಯ ತಿಳಿಸಿ, ಒಂದೆರಡು ವಾರ ಸಮಯ ಕೊಡಿ. ಕರಾರು ಕೈಗೆ ಬಂದಾಗ ಸೊಸೈಟಿ ಆಫ್ ಆಥರ್ಸ್ ಎಂಬ ಲೇಖಕರ ಸಂಘ ಸೇರಿಕೊಳ್ಳಿ, ಸದಸ್ಯರ ಕರಾರುಗಳನ್ನು ಅವರು ಓದಿ ಸಲಹೆ ಕೊಡುತ್ತಾರೆ.